ಹೆಗಲೊಳಗಿನ ಪ್ಲೇಟಿಗೆ ಖಂಡೆ ಪೂಜಾ

ಕಂಡಕ್ಟರನ ನಸೀಬಿನ್ಯಾಗ ಚಿಲ್ಲರೆ ಕೊಡವರು ಕಡಿಮಿ, ಬುದ್ಧಿ ಹೇಳವರು ಭಾಳ. ಎಂಬತ್ತರ ದಶಕದ ಕಡೀಕ, ಅಥಣಿ ಸ್ಟ್ಯಾಂಡಿನ್ಯಾಗ ಬಸ್ಸಿನ ಮ್ಯಾಲಿಂದ ಯಾರದೋ ಸೈಕಲ್ ಇಳಿಸಾಕ ಹೋಗಿ, ಸೈಕಲ್ ಜೋಡಿ ನಾನೂ ಇಳದೆ. ಸೈಕಲ್ಲಿಗೆ ಏನೂ ಆಗಲಿಲ್ಲ. ನನ್ನ ಹೆಗಲ ಮುಂದಿನ ಎಲುಬು ಮುರೀತು. ಡಾಕ್ಟರು ಕೊಯ್ದು, ಕಬ್ಬಣದ ಪ್ಲೇಟಿಟ್ಟು, ಸ್ಕ್ರೂ ಹಾಕಿ ಹೊಲದರು. ಎಲುಬು ಕೂಡಿತು. ಆದರ ಒಂದು ಸ್ಕ್ರೂ ಸಡಲಾಗಿ ತೊಗಲ ಬುಡಕ ತಲಿ ಎತ್ತಿತು. ತಿಕೀಟಿನ ಚೀಲದ ಪಟ್ಟಿ ಬರೋಬ್ಬರಿ ಅದರ ಮ್ಯಾಲನ ಕುಂದರತಿತ್ತು. ಒಂದೋ ಅದನ್ನ ತಗಸಬೇಕು, ಇಲ್ಲಾ ನೌಕರಿ ಬಿಡಬೇಕು. ಇದರಾಗ ಮಂದಿ ನನ್ನ ತಲಿ ಎಷ್ಟು ತಿಂದ್ರು ಅಂದ್ರ, ಈಗ ನೆನಸಿದರೂ ಸಿಟ್ಟು ನೆತ್ತಿಗೇರತೈತಿ.

ಫೋಟೋ ಚಂದ ಬಂದೈತಿ

ಆಪರೇಶನ್ ಮಾಡಿದ ಡಾಕ್ಟರ ಕಡೇನ ಚಿಕ್ಕೋಡಿಗೆ ಹೋದೆ. ಅವರು ಹೊಸಾ ಎಕ್ಸರೇ ತಗಿಸಲಿಲ್ಲ. ಹಳೇದನ್ನ ಕಿಡಕಿಗೆ ಹಿಡದು, ಮಗಳ ಮದುವಿ ಫೋಟೋ ನೋಡಿದಂಗ ನೋಡಿದರು.

"ಏನ್ ಚಂದ ಕುಂತೈತಿ ನೋಡ್ರಿ ಪ್ಲೇಟು."

"ಅದು ಅವತ್ತಿಂದ್ರಿ ಸಾಹೇಬ್ರ. ಈಗ ಸ್ಕ್ರೂ ಮ್ಯಾಲ ಬಂದೈತಿ, ಮುಟ್ಟಿ ನೋಡ್ರಿ."

"ಅದು ನಿಮ್ಮ ಮನಸಿನ ಭ್ರಮಿ."

"ಭ್ರಮಿಗೆ ಅಂಗಿ ಹರೀತಾವೇನ್ರಿ?" ಅಂತ ಹೆಗಲ ಮ್ಯಾಲಿನ ತೂತು ತೋರಿಸಿದೆ.

ಅದನ್ನ ಮಾತ್ರ ಮುಟ್ಟಿ ನೋಡಿದರು. "ದಪ್ಪ ಅರಿವೀದು ಹೊಲಿಸ್ರಿ," ಅಂದ್ರು. ಮೈಮ್ಯಾಲ ಇದ್ದದ್ದು ಖಾಕಿ. ಅದಕಿಂತ ದಪ್ಪ ಅಂದ್ರ ಬಸ್ಸಿನ ಮ್ಯಾಲ ಹೊಚ್ಚೂ ತಾಡಪತ್ರೀನ ಉಳೀತು.

ಎತ್ತಿಗೊಂದು ರಜಾ

ಕಬ್ಬೂರಾಗ ಬಸ್ ಹತ್ತಿದ ಒಬ್ಬ ಮುದುಕ ರೈತ, ನಾ ಚೀಲ ಹಿಂದ ಮುಂದ ಸರಸೂದು ನೋಡಿ, ಕೇಳದನ ನನ್ನ ಅಂಗಿಯೊಳಗ ಕೈ ಹಾಕಿದ.

"ಹೆಗಲು ಬಾತೈತಿ ತಮ್ಮಾ. ನಮ್ಮ ಎತ್ತಿಗೂ ಹಿಂಗ ಆಗಿತ್ತು. ಔಡಲೆಣ್ಣಿ ಹಚ್ಚಿ, ಗಳೇಕ ಹೂಡಲಾರದ ಬಿಟ್ಟೆ. ಆರಾಮ ಆತು."

ಬಾಜೂ ಸೀಟಿನ ನಿಪ್ಪಾಣಿ ಹೆಣಮಗಳು ಮರಾಠಿಯೊಳಗ ಬಾಯಿ ಹಾಕಿ, ಎಣ್ಣಿ ಬ್ಯಾಡ, ತಂಬಾಕಿನ ಎಲಿ ಕಟ್ಟು ಅಂದ್ಲು. ಇಬ್ಬರಿಗೂ ಜಗಳ ಹತ್ತಿತು. ಬಸ್ಸಿನ ಅರ್ಧ ಮಂದಿ ಎಣ್ಣಿ ಕಡೆ, ಅರ್ಧ ಮಂದಿ ಎಲಿ ಕಡೆ. ಒಬ್ಬೊಬ್ಬರೂ ಸ್ಕ್ರೂ ಒತ್ತಿ ನೋಡೇ ತೀರ್ಪು ಕೊಟ್ರು. ನನಗ ಕಣ್ಣಾಗ ನೀರು. ತಿಕೀಟ ಮಾತ್ರ ಯಾರೂ ತಗಸಲಿಲ್ಲ.

ಸಂಜೀಕ ಡಿಪೋದಾಗ ರಜಾ ಕೇಳಿದೆ. "ಕೈ ಆಡತೈತಲ್ಲ, ರಜಾ ಯಾಕ?" ಅಂದ್ರು ಸಾಹೇಬ್ರು. ಕಬ್ಬೂರ ಎತ್ತಿಗೆ ಸಿಕ್ಕ ರಜಾ ನನಗ ಸಿಗಲಿಲ್ಲ.

ಖಂಡೆನವಮಿ

ಖಂಡೆನವಮಿ, ಅಂದ್ರ ಆಯುಧ ಪೂಜಾದ ದಿನ ಮುಂಜಾನೆ ಸ್ಕ್ರೂ ತೊಗಲು ಹರಕೊಂಡು ಹೊರಗ ಬಂತು. ಅಂಗಿ ತುಂಬ ರಕ್ತ. ಸೀದಾ ದವಾಖಾನಿಗೆ ಹೋಗಿ, ಗುಂಡಿ ಬಿಚ್ಚಿ, "ಭ್ರಮಿ ಬಂದೈತಿ, ನೋಡ್ರಿ," ಅಂದೆ.

ಡಾಕ್ಟರ ಮಾರಿ ಇಳೀತು. ಆದರ ಮೇಜಿನ ಮ್ಯಾಲ ಕತ್ರಿ, ಚಿಮಟಾ, ಸೂಜಿ ಎಲ್ಲಾ ಕುಂಕುಮ ಹಚಗೊಂಡು, ಚೆಂಡು ಹೂವಿನ ಮಾಲಿ ಹಾಕ್ಕೊಂಡು ಕುಂತಿದ್ದುವು. ಬಾಜೂಕ ಅವರ ತಾಯಿ ಆರತಿ ಹಿಡಕೊಂಡು ನಿಂತಿದ್ರು.

"ಪೂಜಾಕ್ಕ ಇಟ್ಟ ಹತ್ಯಾರ ಇವತ್ತ ಮುಟ್ಟೂದಿಲ್ರಿ. ನಾಳೆ ಬರ್ರಿ," ಅಂದ್ರು ಡಾಕ್ಟರು.

ನಾ ಸಿಟ್ಟಿಲೆ ಮೇಜಿನ ಬಾಜೂಕ ಹೋಗಿ ಕುಂತೆ. "ನನ್ನ ಒಳಗೂ ನಿಮ್ಮ ಕಬ್ಬಣನ ಐತಿ. ಇದಕ್ಕೂ ಪೂಜಾ ಮಾಡಿಬಿಡ್ರಿ ಹಂಗಾರ."

ಅವರಿಗೆ ನಾಚಿಕಿ ಬಂತು. "ಕುಂದರ್ರಿ. ಅಲಮಾರ್ಯಾಗ ಇನ್ನೊಂದು ಚಿಮಟಾ ಐತಿ, ಅದಕ್ಕ ಪೂಜಾ ಆಗಿಲ್ಲ. ಅದರಲೆ ತಗೀತೀನಿ," ಅಂತ ಒಳಗ ಹೋದರು. ಅಂತೂ ಪೀಡಾ ಕಳೀತು ಅಂತ ಉಸರು ಬಿಟ್ಟೆ.

ಅವರು ಹೊರಗ ಬರೂದ್ರಾಗ, ಆ ತಾಯಿ ನನ್ನ ಮಾತು ಖರೇ ಅಂತ ತಿಳದು, ಹೆಗಲಿಗೆ ಕುಂಕುಮ ಹಚ್ಚಿ, ಕೊರಳಿಗೆ ಮಾಲಿ ಹಾಕಿ, ಆರತಿ ಬೆಳಗಿ ಮುಗಿಸಿದ್ರು. ಮಗ ಚಿಮಟಾ ಹಿಡಕೊಂಡು ಬಂದಕೂಡಲೆ ಅವರ ಕೈ ಹಿಡದ್ರು.

"ಬ್ಯಾಡಪಾ. ಈಗ ಆ ಹೆಗಲಿನ ಕಬ್ಬಣಾನೂ ಪೂಜಾದಾಗ ಕುಂತೈತಿ. ನಾಳೆ ಮುಟ್ಟು."

ಡಾಕ್ಟರು ತಾಯಿ ಮಾತು ಮೀರವರಲ್ಲ. ಔಷಧಿ ಹಚ್ಚಿ, ಪಟ್ಟಿ ಕಟ್ಟಿ, ಮಾಲಿ ಸುದ್ದಾ ಹಂಗ ಬಿಟ್ಟು ಕಳಿಸಿದ್ರು. ಸ್ಟ್ಯಾಂಡಿಗೆ ಬಂದ್ರ ನಮ್ಮ ಬಸ್ಸಿಗೂ ಮಾಲಿ ಹಾಕಿ ನಿಲ್ಲಿಸಿದ್ರು. ಡ್ರೈವರ್ ಒಮ್ಮೆ ಬಸ್ ನೋಡಿದ, ಒಮ್ಮೆ ನನ್ನ ನೋಡಿದ, ಟೆಂಗಿನಕಾಯಿ ಎಲ್ಲಿ ಒಡೀಲಿ ಅಂತ ಕೇಳಿದ.

ಮರುದಿನ ದಸರಾ. ಮುಂಜಾನಿಂದ ನಾ ದವಾಖಾನಿ ಕಟ್ಟಿ ಮ್ಯಾಲ ಕುಂತೆ. ಡಾಕ್ಟರು ಸಂಜಿಮುಂದ ಬನ್ನಿ ಗಿಡಕ್ಕ ಪೂಜಾ ಮಾಡಿಸಿ, ಹೊಸಾ ಅಂಗಿ ತೊಟಗೊಂಡು ನಕ್ಕೋತ ಬಂದ್ರು. ಬಂಗಾರ ಅಂತ ಹಂಚೂ ಬನ್ನಿ ಎಲಿ ಮುಂದ ಹಿಡದು, "ಬಂಗಾರ ತಗೋರಿ, ಬಂಗಾರದಂಗ ಇರೂಣು," ಅಂದ್ರು.

"ಬಂಗಾರ ಆಮ್ಯಾಲ ಕೊಡ್ರಿ," ಅಂದೆ. "ಮೊದಲ ನಿಮ್ಮ ಕಬ್ಬಣ ತಗೋರಿ."