ಬೇ

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಅಕ್ಷರ.

ಮನೆಗೆಲಸದಲ್ಲಿ ಗಂಡಂದಿರು ಎಷ್ಟು ಕೈಜೋಡಿಸುತ್ತಾರೆ ಎಂಬ ಸಮೀಕ್ಷೆ. ಯಾವ ಯಾವ ಮನೆಗೆ ಹೋಗಬೇಕೆಂದು ಆರಿಸುವುದು ಕಚೇರಿಯ ಚೀಟಿರಾಯನ ಕೆಲಸ. ಕಳೆದ ಸಲ ಅವನೆತ್ತಿದ ಚೀಟಿಗಳೆಲ್ಲ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೇ ಬಿದ್ದು, ಎಲ್ಲರ ಶ್ರಮವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಇನ್ನೊಮ್ಮೆ ಎಡವಟ್ಟಾದರೆ ಕುರ್ಚಿ ಬಿಡಿಸಿ ಮನೆಮನೆ ಅಲೆಸುತ್ತೇನೆಂದು ಸಾಹೇಬರು ಗುಡುಗಿದ್ದರು. ನಾಯಿ ಬೊಗಳಿದರೇ ರಾಯನ ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕೇ ಈ ಸಲ ಚೀಟಿ ಬಿಟ್ಟು, ಅಕ್ಕಪಕ್ಕದ ಮನೆಗಳು ಒಟ್ಟಿಗೆ ಬಾರದಂತೆ ಕಚೇರಿಯ ಕಂಪ್ಯೂಟರಮ್ಮನಿಗೆ ಹೇಳಿ ಕಂಪ್ಯೂಟರಿನಲ್ಲೇ ಏರ್ಪಾಡು ಮಾಡಿಸಿದ. ಬೀಗ ಬಿದ್ದ ಮನೆಗಳು ಬೇಡವೆಂದು ಗೋಡೆಯ ನಕ್ಷೆಯಲ್ಲಿ ಅವುಗಳ ಮೇಲೆ ‘ಬೇ’ ಎಂದು ಬರೆಯತೊಡಗಿದ. ಅಷ್ಟರಲ್ಲಿ ಸಮೀಕ್ಷೆಗೆಂದು ಮನೆಮನೆ ತಿರುಗುವವ ಬಂದು, ಮೂಲೆಮನೆಯ ನಾಯಿ ತನ್ನ ಪ್ಯಾಂಟು ಹರಿದಿತ್ತು, ಅದನ್ನೂ ಬಿಡಿ ಎಂದ.

“ನಾಯಿ ಸಾಕಿದೋರ ಮನೇಲಿ ಪಾತ್ರೆ ತೊಳೆಯೋದೇ ಇಲ್ವೇನಯ್ಯಾ?”

ರಾಯನಿಗೆ ಮೈಯೆಲ್ಲ ಉರಿಯಿತು. ಬೇಡದವರನ್ನೆಲ್ಲ ಕಿತ್ತರೆ ಅದು ಸಮೀಕ್ಷೆಯೋ, ನೆಂಟರ ಮನೆಯ ಭೇಟಿಯೋ? ಹಲ್ಲು ಕಡಿಯುತ್ತಲೇ ‘ಬೇ’ ಗೀಚಿದ. ಆಮೇಲೆ ತಂತಮ್ಮ ಮನೆ ಬಿಡಿಸಿಕೊಳ್ಳಲು ಇಡೀ ಕಚೇರಿಯೇ ಸಾಲುಗಟ್ಟಿತು. ಸಾಹೇಬರೂ ಬಂದು, ತಮ್ಮ ಮನೆಯ ಮೇಲೆ ಬೆರಳಿಟ್ಟು, ಒಮ್ಮೆ ಕೆಮ್ಮಿ ಹೋದರು. ಕೊನೆಗೆ, ಯಾರೂ ನೋಡದಾಗ, ರಾಯ ತನ್ನ ಮನೆಗೂ ಒಂದು ‘ಬೇ’ ಬರೆದ.

ಮಧ್ಯಾಹ್ನ ಕಂಪ್ಯೂಟರಮ್ಮ ಆ ನಕ್ಷೆ ನೋಡಿ ತೆಗೆದ ಆಯ್ಕೆ ಹೊರಬಿತ್ತು. ಬೀಗದ ಮನೆ, ನಾಯಿಮನೆ, ಸಾಹೇಬರ ಮನೆ, ರಾಯನ ಮನೆ! ಅವನು ಕೆಂಡವಾಗಿ ಕಂಪ್ಯೂಟರಮ್ಮನ ಮುಂದೆ ನಿಂತ.

“ಬೇ ಅಂದ್ರೆ ಬೇಡ ಕಣಮ್ಮಾ!”

“ಕಾಗದ ಬೇಕು, ಪೆನ್ನು ಬೇಕು, ಈಗಲೇ ಬೇಕು. ನಿಮ್ಮ ಬಾಯಲ್ಲಿ ‘ಬೇಡ’ ಅನ್ನೋದನ್ನ ನಾನು ಕೇಳೇ ಇಲ್ವಲ್ಲ ಸಾರ್.”

ಸಾಹೇಬರು ಆ ಪಟ್ಟಿಗೆ ನೋಡದೇ ಸಹಿ ಹಾಕಿ ಮೇಲಿನವರಿಗೆ ಕಳಿಸಿಯಾಗಿತ್ತು. ತಿರುಗುವವ ಹೊಟ್ಟೆನೋವೆಂದು ಮನೆಗೆ ಹೋದ. “ನೀವೇ ಹೋಗಿ” ಎಂದು ಸಾಹೇಬರು ಚೀಲವನ್ನು ರಾಯನ ಕೈಗೆ ತುರುಕಿದರು.

ಸಂಜೆ ಹರಿದ ಪ್ಯಾಂಟಿನಲ್ಲಿ ಅವನು ಕೊನೆಯದಾಗಿ ತನ್ನ ಮನೆಗೇ ಬಂದ. ಸಾಹೇಬರನ್ನೂ ನಾಯಿಯನ್ನೂ ಆ ‘ಬೇ’ಯನ್ನೂ ಒಟ್ಟಿಗೆ ಶಪಿಸಿದ. ತನ್ನ ಮನೆಗೂ ‘ಬೇ’ ಬರೆದದ್ದು ಆ ಸಿಟ್ಟಿನಲ್ಲೇ ಬಾಯಿಂದ ಜಾರಿತು. ಹೆಂಡತಿ ಪಾತ್ರೆ ಉಜ್ಜುತ್ತಲೇ ಕೇಳಿಸಿಕೊಂಡಳು. ಉಳಿದದ್ದು ಒಂದೇ ಪ್ರಶ್ನೆ, ಅದನ್ನು ಅವಳೇ ಕೇಳಿದಳು: ಗಂಡನಿಗೆ ಈ ರಾತ್ರಿ ಊಟ ಬೇಕೋ ಬೇಡವೋ?

“ಬೇ...” ಎಂದು ರಾಯ ಬಾಯಿ ತೆರೆದ.

“ಅಷ್ಟು ಸಾಕು, ಅರ್ಥ ಆಯ್ತು” ಎಂದು ಅವಳು ಒಲೆ ಆರಿಸಿದಳು.