ನಮ್ಮ ಟಾಕೀಸಿಗೆ ಪ್ರಳಯ ಬಂದಾಗ

ಟಾಕೀಸಿನ ಮ್ಯಾನೇಜರ್ ಆದವನು ಸಿನಿಮಾ ನೋಡುವುದಿಲ್ಲ, ಸಿನಿಮಾ ನೋಡುವವರನ್ನು ನೋಡುತ್ತಾನೆ. ಬ್ಯಾಡಗಿಯ ಹಳೇ ಟಾಕೀಸೊಂದರಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಾ ಬಂದದ್ದು ಇದನ್ನೇ. ತೆರೆಯ ಮೇಲೆ ಎಂಥಾ ಕಥೆಯೇ ಬರಲಿ, ಕುರ್ಚಿಗಳಲ್ಲಿ ಅದಕ್ಕಿಂತ ಒಂದು ಕೈ ಮೇಲಾದದ್ದು ನಡೆದೇ ನಡೆಯುತ್ತದೆ. ಆದರೆ ಈ ಸಲದ ಮೆಣಸಿನಕಾಯಿ ಸುಗ್ಗಿಯಲ್ಲಿ ನಡೆದಷ್ಟು ಹಿಂದೆಂದೂ ನಡೆದಿರಲಿಲ್ಲ.

ಆಗ ನಾನು ನಗುವ ಸ್ಥಿತಿಯಲ್ಲಿರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಟಾಕೀಸಿನ ಮಾಲೀಕರು ಹಾವೇರಿಯ ಸಾಹುಕಾರ್ರು. ಊರಲ್ಲಿ ಅರ್ಧ ಮಂದಿ ಮನೆಯಲ್ಲೇ ಮೊಬೈಲಿನಲ್ಲಿ ಸಿನಿಮಾ ನೋಡುವವರು, ಇನ್ನರ್ಧ ಮಂದಿ ಮೆತ್ತನೆಯ ಕುರ್ಚಿ ಹುಡುಕಿಕೊಂಡು ರಾಣೆಬೆನ್ನೂರಿಗೆ ಹೋಗುವವರು. ನಾವು ಖಾಲಿ ಕುರ್ಚಿಗಳಿಗೇ ಸಿನಿಮಾ ತೋರಿಸುವ ಹಾಗಾಗಿತ್ತು. ಟಾಕೀಸಿನ ಬೆನ್ನಿಗೇ ಒಂದು ವಖಾರ, ಅಂದರೆ ಮೆಣಸಿನಕಾಯಿ ವ್ಯಾಪಾರಿಯ ದಾಸ್ತಾನು ಮಳಿಗೆ. ಒಂದು ದಿನ ಸಾಹುಕಾರ್ರು ಬಂದು ಕುಳಿತರು.

“ನೋಡಪಾ, ಹಿಂದಿನ ವಖಾರದ ವ್ಯಾಪಾರಿ ಗೋಡೌನಿಗೆ ಜಾಗಾ ಕೇಳಾಕತ್ತಾನ. ಟಾಕೀಸಿನ್ಯಾಗ ಮೆಣಸಿನಕಾಯಿ ಚೀಲ ಇಡಸ್ತೇನಿ ಅಂತ ಮಾತು ಕೊಟ್ಟೇನಿ. ಆದ್ರೂ ಇದೊಂದು ಸಿನಿಮಾ ನೋಡೂಣು. ಮಂದಿ ಬಂದ್ರ ಟಾಕೀಸು, ಬರಲಿಲ್ಲಂದ್ರ ಗೋಡೌನು.”

ನನಗೆ ಐವತ್ತೆರಡು. ಬೇರೆ ಕೆಲಸ ಗೊತ್ತಿಲ್ಲ. ನಮ್ಮ ಆಪರೇಟರ್ ಕದರಮಂಡಲಗಿಯ ಹನುಮಪ್ಪ ದೇವರಿಗೆ ಹರಕೆ ಹೊತ್ತ. ನಾನು ಅದೇ ಹರಕೆಯಲ್ಲಿ ನನ್ನದೂ ಒಂದು ಪಾಲು ಹಾಕು ಅಂದೆ.

ಸಿನಿಮಾ ಹೊರದೇಶದ್ದು, ಕನ್ನಡಕ್ಕೆ ಡಬ್ ಮಾಡಿದ್ದು. ಪ್ರಳಯವಾಗಿ ಹೋಗಿದೆ. ಸಮುದ್ರ ಬತ್ತಿ ಹಡಗುಗಳು ಮರಳಿನ ಮೇಲೆ ನಿಂತಿವೆ, ನೆಲ ಕೆಂಪು, ಆಕಾಶ ಕೆಂಪು. ಜಗತ್ತಿನಲ್ಲಿ ಉಳಿದ ಕಟ್ಟಕಡೆಯ ಬೀಜದ ಪೆಟ್ಟಿಗೆ ನಾಯಕನ ಹತ್ತಿರ ಇದೆ. ಮನೆಯಷ್ಟೆತ್ತರದ ಗಾಲಿಗಳ ಗಾಡಿ ಹತ್ತಿಕೊಂಡು ದುಷ್ಟರು ಅವನ ಬೆನ್ನು ಹತ್ತಿದ್ದಾರೆ. ಖರೇ ಹೇಳಬೇಕೆಂದರೆ ನೋಡಲು ಎರಡು ಕಣ್ಣು ಸಾಲದು, ಅಷ್ಟು ಭಾರಿ ಸಿನಿಮಾ.

ಬೀಜದ ಪೆಟ್ಟಿಗೆ

ಮೊದಲ ದಿನದ ಮ್ಯಾಟಿನಿಗೆ ಹಲಗೇರಿಯ ರೈತರೊಬ್ಬರು ಬಂದಿದ್ದರು. ಕಂಪನಿಗಳಿಗೆ ಬೀಜ ಬೆಳೆದುಕೊಡುವವರು. ಮಾರ್ಕೆಟ್ಟಿಗೆ ಮೆಣಸಿನಕಾಯಿ ತಂದಿದ್ದರು, ಟೆಂಡರ್ ಆಗಿ ದರ ಗೊತ್ತಾಗುವ ತನಕ ಹೊತ್ತು ಹೋಗಲಿ ಎಂದು ಒಳಗೆ ಬಂದು ಕುಳಿತಿದ್ದರು.

ನಾಯಕ ಪೆಟ್ಟಿಗೆಯನ್ನು ಸುಡುವ ಮರಳಿನ ಮೇಲಿಟ್ಟು ನಾಲ್ವರ ಜೊತೆ ಕಾದಾಟಕ್ಕಿಳಿದ. ಎಲ್ಲರ ಕಣ್ಣು ಕಾದಾಟದ ಮೇಲೆ, ಇವರ ಕಣ್ಣು ಪೆಟ್ಟಿಗೆಯ ಮೇಲೆ.

“ಏ ತಮ್ಮಾ, ಮೊದ್ಲ ಪೆಟಗಿ ನೆಳ್ಳಿಗಿಡೋ! ಬೀಜ ಸತ್ತು ಹೊಕ್ಕಾವು!”

ಹಿಂದಿನ ಸಾಲಿನವನೊಬ್ಬ, “ಯಜಮಾನ್ರ, ಕುಂದರ್ರಿ. ಅಲ್ಲಿ ಅಂವನ ಸಾಯಾಕತ್ತಾನ” ಅಂದ.

“ಅಂವಾ ಸತ್ರ ಇನ್ನೊಬ್ಬ ಬರ್ತಾನ. ಬೀಜ ಸತ್ರ ಯಾರ ಬರ್ತಾರ?”

ಎರಡೂವರೆ ತಾಸಿನ ಸಿನಿಮಾದ ಸಾರವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಕೊನೆಗೆ ನಾಯಕ ಬಿರುಕು ಬಿಟ್ಟ ನೆಲದಲ್ಲಿ ಒಂದು ಬೀಜ ಹೂತು, ಬೊಗಸೆ ನೀರು ಹಾಕಿದ. ಮರುದಿನ ಬೆಳಗಾಗುವಷ್ಟರಲ್ಲಿ ಎರಡು ಹಸಿರು ಎಲೆ. ಎಲ್ಲರೂ ಚಪ್ಪಾಳೆ ಹೊಡೆದರು. ಇವರು ಎದ್ದು ನಿಂತರು.

“ಸುಳ್ಳು! ನೆಲಕ್ಕ ಗಳೆ ಹೊಡದಿಲ್ಲ, ಗೊಬ್ಬರ ಹಾಕಿಲ್ಲ, ಒಂದ ದಿವಸಕ್ಕ ಎರಡೆಲಿ? ಯಾರಿಗೆ ಹೇಳ್ತಾನ ಇವಾ?”

ಗೇಟಿನ ತನಕ ಬೈಯುತ್ತಲೇ ಬಂದರು. ಸಿನಿಮಾದವರ ಪರವಾಗಿ ನಾನೇ “ತಪ್ಪಾತ್ರಿ” ಅಂದೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

“ಅದಿರ್ಲಿ, ನಾ ಸ್ವಲ್ಪ ತಡಾ ಮಾಡಿ ಬಂದೆ. ಅದು ಯಾವ ಕಂಪನಿ ಬೀಜ ಅಂತ ಸುರುವಿಗೆ ಏನರ ತೋರಿಸಿದ್ರೇನ್ರಿ?”

ಉಳಿದವರು

ಡಬ್ಬಿಂಗ್ ಬೆಂಗಳೂರಿನಲ್ಲಿ ಆಗಿತ್ತು. ಹೀಗಾಗಿ ನಾಯಕ, ಖಳ, ಹಡಗಿನಲ್ಲಿದ್ದ ಮುದುಕಿ, ಎಲ್ಲರ ಬಾಯಲ್ಲೂ ಬೆಂಗಳೂರು ಕನ್ನಡ. ಸ್ಟೇಶನ್ ಹತ್ತಿರ ಆಟೋ ಓಡಿಸುವವನೊಬ್ಬ ಸಿನಿಮಾ ಬಿಟ್ಟ ಮೇಲೆ ನನ್ನ ಮುಂದೆ ಬಂದು ನಿಂತ.

“ಸಿನಿಮಾ ಭಾರಿ ಐತ್ರಿ. ಒಂದು ಮಾತ್ರ ತಿಳೀಲಿಲ್ಲ. ದಿಲ್ಲಿ ಹೋಗೇತಿ, ಅಮೆರಿಕಾ ಹೋಗೇತಿ, ಜಗತ್ತೆಲ್ಲಾ ಸುಟ್ಟು ಬೂದಿ ಆಗೇತಿ. ಬೆಂಗ್ಳೂರು ಮಂದಿ ಅಷ್ಟ ಹೆಂಗ ಉಳದ್ರು?”

“ಅದು ಡಬ್ಬಿಂಗಪಾ.”

ಅವನಿಗೆ ಸಮಾಧಾನವಾಗಲಿಲ್ಲ. “ಹಂಗಾರ ನಮ್ಮ ಕಡಿಯವ್ರು ಒಬ್ರೂ ಉಳದಿಲ್ಲ?” ಅಂದು ಮುಖ ಸಣ್ಣದು ಮಾಡಿಕೊಂಡು ಆಟೋ ಹತ್ತಿದ. ಗಾಡಿ ಚಾಲೂ ಮಾಡಿದವನು ಮತ್ತೆ ಬಂದ್ ಮಾಡಿ, ನಗುತ್ತಾ ಹೊರಗೆ ತಲೆ ಹಾಕಿದ.

“ಸರ್ರಾ, ಹಡಗಿನ್ಯಾಗ ಒಬ್ಬ ಮೂಗ ಇದ್ದನಲ್ರಿ. ಅಂವಾ ನಮ್ಮ ಕಡಿಯಾಂವ ಇರಬೇಕು ನೋಡ್ರಿ!”

ಬುತ್ತಿ

ನಮ್ಮೂರಲ್ಲಿ ಸುಗ್ಗಿ ಬಂತೆಂದರೆ ನೂರಾರು ಹೆಣ್ಣುಮಕ್ಕಳು ವಖಾರಗಳಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಅಂಥ ಏಳೆಂಟು ಮಂದಿ ಅರ್ಧ ದಿನ ಸೂಟಿ ಮಾಡಿ, ರೊಟ್ಟಿ ಬುತ್ತಿ ಸಮೇತ ಮ್ಯಾಟಿನಿಗೆ ಬಂದರು. ಅವರ ಹಿರಿಯಳು ಒಬ್ಬ ಗಟ್ಟಿ ಹೆಂಗಸು. ಆಕೆ ಕುಂದ್ರು ಅಂದರೆ ಉಳಿದವರು ಕೂಡುವುದು, ಏಳು ಅಂದರೆ ಏಳುವುದು.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಬುತ್ತಿ ಬಿಚ್ಚಿದರು. ತೆರೆಯ ಮೇಲೆ ನಾಯಕ ಮೂರು ದಿನದಿಂದ ಅನ್ನ ಕಂಡಿಲ್ಲ ಅಂತ ಒದ್ದಾಡುತ್ತಿದ್ದ. ಹಿರಿಯಳು ರೊಟ್ಟಿ ಮುರಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಕಟ್ರೆ ಬುತ್ತಿ. ಹಸದ ಕೂಸಿನ ಮುಂದ ಹೆಂಗ ತಿನ್ನೂದು? ಅಂವಾ ಉಣ್ಣಲಿ, ಆಮ್ಯಾಲೆ ನಾವು ಉಣ್ಣೂಣು.”

ಬುತ್ತಿ ಕಟ್ಟಿದರು. ಅಷ್ಟರಲ್ಲಿ ನಾಯಕನಿಗೆ ಹಡಗಿನ ಹೊಟ್ಟೆಯಲ್ಲಿ ಒಂದು ಡಬ್ಬಿ ತಿಂಡಿ ಸಿಕ್ಕಿತು. “ಹೂಂ, ಬಿಚ್ಚರಿ” ಅಂದಳು. ಬಿಚ್ಚಿದರು. ನಾಯಕ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಖಳನ ಗುಂಡು ಬಂದು ಡಬ್ಬಿಗೇ ಬಡಿಯಿತು. “ಇವನ ಬಾಯಾಗ ಮಣ್ಣ ಹಾಕ, ಕಟ್ರೆ” ಅಂದಳು. ಹೀಗೆ ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿದರು. ಇಂಟರ್ವಲ್‌ನಲ್ಲಿ ನಮ್ಮ ಕ್ಯಾಂಟೀನಿನವನು ಮಿರ್ಚಿ ಭಜಿ ಹಿಡಿದು ಅವರ ಸಾಲಿಗೆ ಹೋದರೆ, “ನಿನಗೇನರ ಕರುಳು ಐತೇನೋ?” ಅಂತ ಬೈಸಿಕೊಂಡು ಬಂದ.

ಸಿನಿಮಾ ಮುಗಿಯಿತು. ಪುಣ್ಯಾತ್ಮ ನಾಯಕ ಜಗತ್ತನ್ನು ಉಳಿಸಿದ, ತಾನು ಮಾತ್ರ ತುತ್ತು ಉಣ್ಣಲಿಲ್ಲ. ಹೆಣ್ಣುಮಕ್ಕಳು ಹೊರಗೆ ಬಂದು ಟಾಕೀಸಿನ ಮೆಟ್ಟಿಲ ಮೇಲೆ ಸಾಲಾಗಿ ಕುಳಿತು, ಹೊಟ್ಟೆ ತಾಳದೆ ಗಬಗಬ ಉಣ್ಣತೊಡಗಿದರು. ಗೋಡೌನಿನ ಚಿಂತೆಯಲ್ಲಿ ನಾನೂ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಮುಖ ಬತ್ತಿತ್ತು. ಹಿರಿಯಳು ಒಂದು ಖಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ನನ್ನ ಕೈಗೆ ಕೊಟ್ಟಳು.

“ತಗೋ ಯಪ್ಪಾ. ಅಂವಂಗಂತೂ ಕೊಡಾಕಾಗಲಿಲ್ಲ, ನೀನರ ಉಣ್ಣು.”

ಮಾಸ್ತರರ ಎರಡನೇ ಸಲ

ಹೊಸರಿತ್ತಿಯ ನಿವೃತ್ತ ಮಾಸ್ತರರೊಬ್ಬರು ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಖಾದಿ ಬಿಟ್ಟು ಬೇರೆ ಉಟ್ಟವರಲ್ಲ, ಇರುವೆ ತುಳಿದರೂ ಮರುಗುವಂಥವರು. ಇಂಟರ್ವಲ್‌ನಲ್ಲಿ ನೆಟ್ಟಗೆ ನನ್ನ ಕೋಣೆಗೇ ಬಂದರು.

“ಏನಿದು? ಸುರುವಾದಾಗಿಂದ ಬರೇ ಹೊಡಿ, ಬಡಿ, ಕಡಿ. ಮಕ್ಕಳ ಮನಸ್ಸಿನ ಮ್ಯಾಲೆ ಏನ ಪರಿಣಾಮ ಆಗಬಾರದು?”

ನಾನು ಕೈ ಮುಗಿದೆ. ಇವರು ಹಾವೇರಿಗೆ ಹೋಗಿ ಸಾಹುಕಾರರ ಕಿವಿಗೆ ಹಾಕಿದರೆ ಗೋಡೌನು ನಾಳೆಯೇ ಆದೀತು ಅನ್ನುವ ಹೆದರಿಕೆ ನನಗೆ.

ಮರುದಿನ ಮ್ಯಾಟಿನಿಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ಟಿಕೀಟು ತೆಗೆದುಕೊಂಡು ಗೋಡೆಗುಂಟ ಒಳಗೆ ಸರಿಯುತ್ತಿದ್ದರು. ಖಾದಿ ಜುಬ್ಬ ನೋಡಿದ ಕೂಡಲೇ ಗುರುತು ಹಿಡಿದೆ. “ಮಾಸ್ತರ್ರ, ಮತ್ತೇನರ ತಪ್ಪಾತೇನ್ರಿ?” ಅಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ನನ್ನನ್ನು ಕಂಬದ ಮರೆಗೆ ಎಳೆದರು.

“ನಿನ್ನೆ ಎರಡೂ ಕೈಲೇ ಎರಡೂ ಹುಡುಗರ ಕಣ್ಣು ಮುಚ್ಚೂದ್ರಾಗ ನನಗೊಂದು ಫೈಟಿಂಗೂ ಸರಿಯಾಗಿ ನೋಡಾಕ ಆಗಲಿಲ್ಲಪಾ!”

ಕೆಂಪು ಬಿರುಗಾಳಿ

ನಗು ಬರುವಂಥದ್ದು ದಿನಾ ಬರುತ್ತಿತ್ತು, ಬೇಕಾದಷ್ಟು ಮಂದಿ ಮಾತ್ರ ಬರುತ್ತಿರಲಿಲ್ಲ. ಐದನೇ ದಿನ ಸಾಹುಕಾರ್ರು ಹಿಂದಿನ ವಖಾರದ ವ್ಯಾಪಾರಿಯನ್ನು ಜೊತೆಗೇ ಕರೆದುಕೊಂಡು ಮ್ಯಾಟಿನಿಗೆ ಬಂದರು. ಅವತ್ತು ಮಾರ್ಕೆಟ್ ದಿನ. ಹಾವೇರಿ, ರಾಣೆಬೆನ್ನೂರು ಕಡೆಯಿಂದ ಬಂದವರೆಲ್ಲ ಸೇರಿ ಅರ್ಧ ಟಾಕೀಸು ತುಂಬಿತ್ತು. ಸಾಹುಕಾರ್ರು ಕುರ್ಚಿಗಳನ್ನು ನೋಡಿದರು. ವ್ಯಾಪಾರಿ ಗೋಡೆಗಳನ್ನು ನೋಡಿದ, ಎಷ್ಟು ಚೀಲ ಹಿಡಿದಾವು ಅಂತ.

ಇಂಟರ್ವಲ್‌ನಲ್ಲಿ ಸಾಹುಕಾರ್ರು ನನ್ನ ಹೆಗಲ ಮೇಲೆ ಕೈ ಇಟ್ಟರು. “ಅರ್ಧಕ್ಕ ನಡಿಯಂಗಿಲ್ಲಪಾ. ನಾಳೆ ಕೀಲಿಕೈ ಕೊಟ್ಟಬಿಡು.”

ನನ್ನ ಕಣ್ಣು ತುಂಬಿ ಬಂತು. ನಾಚಿಕೆ ಯಾಕೆ, ಅತ್ತುಬಿಟ್ಟೆ. ಕೊನೆಯದೊಂದು ಸಲ ನೋಡಿಬಿಡೋಣ ಎಂದು ಹಿಂದಿನ ಸಾಲಿನಲ್ಲಿ ಹೋಗಿ ಕುಳಿತೆ. ತೆರೆಯ ಮೇಲೆ ಆ ಸಿನಿಮಾದ ದೊಡ್ಡ ದೃಶ್ಯ ಶುರುವಾಯಿತು. ದಿಗಂತದಿಂದ ಕೆಂಪು ಬಿರುಗಾಳಿ ಗೋಡೆ ಎದ್ದ ಹಾಗೆ ಏಳುತ್ತದೆ, ಹಡಗುಗಳನ್ನು ಎತ್ತಿ ಒಗೆಯುತ್ತದೆ. ಅದೇ ಹೊತ್ತಿಗೆ ಸೆಕೆ ತಾಳದೆ ಆಪರೇಟರ್ ದೊಡ್ಡ ಫ್ಯಾನ್ ಹಾಕಿದ. ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ ಅದು. ಸುಟ್ಟು ಹೋಗಿದ್ದ ಅದರ ಮೋಟಾರಿಗೆ ಹೊಸ ತಂತಿ ಸುತ್ತಿಸಿ ಅಂದೇ ಬೆಳಿಗ್ಗೆ ಕೂರಿಸಲಾಗಿತ್ತು. ಎಲೆಕ್ಟ್ರಿಶಿಯನ್ ವೈರು ಅದಲುಬದಲು ಜೋಡಿಸಿದ್ದು ಯಾರಿಗೂ ಗೊತ್ತಿರಲಿಲ್ಲ. ಫ್ಯಾನ್ ಉಲ್ಟಾ ತಿರುಗಿ ಹೊರಗಿನ ಗಾಳಿಯನ್ನು ಒಳಗೆ ಎಳೆಯತೊಡಗಿತು. ಹೊರಗೆ ಅಂದರೆ ಎಲ್ಲಿ? ವಖಾರದ ಅಂಗಳ. ಅಲ್ಲಿ ಆಗ ಖಾಲಿ ಮೆಣಸಿನಕಾಯಿ ಚೀಲಗಳನ್ನು ಝಾಡಿಸಿ ಖಾರದ ಧೂಳು ಕೊಡವುತ್ತಿದ್ದರು.

ಮೊದಲು ಒಂದು ಸೀನು. ಆಮೇಲೆ ನಾಲ್ಕು ಕೆಮ್ಮು. ಆಮೇಲೆ ಅರ್ಧ ಟಾಕೀಸು ಖೊಕ್ ಖೊಕ್ ಅನ್ನತೊಡಗಿತು. ತೆರೆಯ ಮೇಲೆ ನಾಯಕ ಮೂಗಿಗೆ ಬಟ್ಟೆ ಕಟ್ಟಿಕೊಂಡ, ಇಲ್ಲಿ ಎಲ್ಲರೂ ಟವೆಲ್, ಸೆರಗು, ಕರ್ಚೀಫು ಕಟ್ಟಿಕೊಂಡರು. ನಾಯಕನ ಕಣ್ಣಲ್ಲಿ ನೀರು, ಇವರ ಕಣ್ಣಲ್ಲೂ ನೀರು. ಕೀಲಿಕೈ ನಾಳೆ ಯಾಕೆ, ಈಗಲೇ ಕೊಡಬೇಕಾದೀತು, ಮಂದಿ ಕುರ್ಚಿ ಮುರಿಯುತ್ತಾರೆ ಅಂದುಕೊಂಡು ಕೆಮ್ಮುತ್ತಾ ಮೇಲಿನ ಆಪರೇಟರ್ ಕೋಣೆಗೆ ಓಡಿದೆ. ಅಷ್ಟರಲ್ಲಿ ಆಪರೇಟರ್‌ಗೂ ಘಾಟು ಹತ್ತಿ ಫ್ಯಾನ್ ಬಂದ್ ಮಾಡಿದ್ದ. ಹನುಮಪ್ಪನ ದಯೆ ನೋಡಿ, ಅದೇ ಗಳಿಗೆಗೆ ತೆರೆಯ ಮೇಲೂ ಬಿರುಗಾಳಿ ನಿಂತಿತು.

ಎಲ್ಲರೂ ಮುಖದ ಬಟ್ಟೆ ಬಿಚ್ಚಿದರು. ಆಮೇಲೆ ಬಿತ್ತು ನೋಡಿ ಸೀಟಿ, ಚಪ್ಪಾಳೆ!

“ಏನ ಎಫೆಕ್ಟಲೇ ಇದು! ಹುಬ್ಬಳ್ಳ್ಯಾಗೂ ಇಂಥಾದ್ದಿಲ್ಲ!”

ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಅವತ್ತು ಎರಡನೇ ಸಲ ಬಂದಿದ್ದರು, ಈ ಸಲ ಮನೆಯಲ್ಲೇ ಉಂಡು. ಅವರಲ್ಲಿ ಒಬ್ಬಳೂ ಕೆಮ್ಮಿರಲಿಲ್ಲ. “ಏನಾಗೇತಿ ಈ ಮಂದಿಗೆ?” ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವ್ಯಾಪಾರಿಗೂ ಏನೂ ಆಗಿರಲಿಲ್ಲ. ಸಾಹುಕಾರ್ರು ಮಾತ್ರ ಟೊಮ್ಯಾಟೊ ಹಣ್ಣಿನಂಥ ಮುಖ ಹೊತ್ತು ಹೊರಗೆ ಬಂದರು. ನಾನು ತಲೆ ತಗ್ಗಿಸಿ ನಿಂತೆ. ಅವರು ಮೂಗು ಒರೆಸಿಕೊಂಡು, “ಕೀಲಿಕೈ ಇರ್ಲಿ ನಿನ್ನ ಹತ್ರ. ನಾಲ್ಕು ದಿವಸ ನೋಡೂಣು” ಅಂದರು.

ಮರುದಿನವೇ ಹಾವೇರಿ, ರಾಣೆಬೆನ್ನೂರಿನ ಗಾಡಿಗಳು ಬಂದು ನಿಂತವು. “ಘಾಟಿನ ಸಿನಿಮಾ ಇಲ್ಲೇ ಏನ್ರಿ?” ಅಂತ ಕೇಳುವವರೇ. ಬರುವಾಗಲೇ ಹೆಗಲಿಗೆ ಟವೆಲ್. ದಮ್ಮಿನ ಕಾಯಿಲೆ ಇದ್ದವರು, ಸಣ್ಣ ಮಕ್ಕಳು ಬೆಳಗಿನ ಆಟಕ್ಕೆ ಬರಬೇಕು, ಆಗ ಬಿರುಗಾಳಿ ಸಪ್ಪಗಿರುತ್ತದೆ ಅಂತ ಬೋರ್ಡು ಹಾಕಿದೆ. ತಪ್ಪು ತಿದ್ದಲು ಓಡಿ ಬಂದ ಎಲೆಕ್ಟ್ರಿಶಿಯನ್‌ನನ್ನು ಗೇಟಿನಲ್ಲೇ ತಡೆದು, ಚಹಾ ಕುಡಿಸಿ ಕಳಿಸಿದೆ. ವಾರದ ಮೇಲೆ ಅವತ್ತು ನನಗೆ ನಿದ್ದೆ ಬಂತು. ಎಂಥಾ ನಿದ್ದೆ ಅಂತೀರಿ, ಬೆಳಿಗ್ಗೆ ಹೆಂಡತಿ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಮುಂದೆ ಮಾರ್ಕೆಟ್ಟಿಗೆ ರಜಾ ಬಂತು. ವಖಾರದಲ್ಲಿ ಕೆಲಸ ಇಲ್ಲ, ಅಂಗಳ ಖಾಲಿ. ಒಳಗೆ ಮಾತ್ರ ಟಾಕೀಸು ಹೌಸ್‌ಫುಲ್. ಬಿರುಗಾಳಿ ಎದ್ದಿತು, ಎಲ್ಲರೂ ಟವೆಲ್ ಕಟ್ಟಿಕೊಂಡು ತಯಾರಾದರು, ಘಾಟಿಲ್ಲ. “ಘಾಟು ಬಿಡ್ರೀ! ಮೋಸಾ!” ಅಂತ ಕೂಗು ಶುರುವಾಯಿತು. ಹಿಂದಿನ ಬಾಗಿಲಿಂದ ಹೊರಗೆ ಓಡಬೇಕು ಅನ್ನುವಷ್ಟರಲ್ಲಿ ಒಳಗೆ ಯಾರೋ ಸೀನಿದರು. ಹಿಂದೆಯೇ ಖೊಕ್ ಖೊಕ್, ಹಿಂದೆಯೇ ಸೀಟಿ.

ಹೊರಗೆ ಹೋಗಿ ನೋಡಿದರೆ, ಫ್ಯಾನಿನ ಮುಂದೆ ಬಿಳೀ ಧೋತರ ಎತ್ತಿ ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು, ಒಬ್ಬ ಮನುಷ್ಯ ಮೆಣಸಿನಕಾಯಿ ಚೀಲವನ್ನು ಎರಡೂ ಕೈಯಿಂದ ಝಾಡಿಸುತ್ತಿದ್ದಾರೆ. ನಮ್ಮ ಸಾಹುಕಾರ್ರು! ಪಕ್ಕದಲ್ಲಿ ವ್ಯಾಪಾರಿ ಬಾಯಿ ತೆರೆದುಕೊಂಡು ನಿಂತಿದ್ದ.

“ಸಾಹುಕಾರ್ರ, ಗೋಡೌನಿಗೆ ಮಾತು ಕೊಟ್ಟಿದ್ರಲ್ರಿ?” ಅಂದ ಅವನು.

ಸಾಹುಕಾರ್ರು ಒಂದು ದೊಡ್ಡ ಸೀನು ಸೀನಿ, ಚೀಲವನ್ನು ಫ್ಯಾನಿನ ಪಕ್ಕದ ಹಿಂಬಾಗಿಲೊಳಗೆ, ಟಾಕೀಸಿನ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟರು.

“ಟಾಕೀಸಿನ್ಯಾಗ ಮೆಣಸಿನಕಾಯಿ ಚೀಲ ಇಡಸ್ತೇನಿ ಅಂದಿದ್ದೆ, ಇಟ್ಟೆ. ಎಷ್ಟ ಚೀಲ ಅಂತ ಹೇಳಿದ್ನೇನು?”