ದಿಂಬಂ ಹುಲಿಯ ಲ್ಯಾಪ್‌ಟಾಪಿಗೆ ಜ್ವರ

ತಾಳವಾಡಿಯ ವೃಷಭೇಂದ್ರನ ಲ್ಯಾಪ್‌ಟಾಪ್ ಆ ಸೋಮವಾರ ಬಿಸಿಯಾದ ಬಿಸಿಗೆ, ಅತ್ತ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳ ಮಂಜೂ ಒಂದೇ ಏಟಿಗೆ ಕರಗಿ, ಅಲ್ಲಿನ ಟೀ ಅಂಗಡಿಯವನು ಹೊದ್ದ ಕಂಬಳಿ ಬಿಸಾಕಿ ಮಜ್ಜಿಗೆ ಮಾರಲು ಕೂತ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹಾಸನೂರಿನ ಒಂಟಿಸಲಗ ಬಂದು ನನ್ನ ನಾಲಿಗೆ ತುಳಿಯಲಿ.

ವೃಷಭೇಂದ್ರ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವನು. ಬೆಳಗಿನ ಐದಕ್ಕೆದ್ದು, ಊರಿನ ಸಮಸ್ತ ಹಸು ಎಮ್ಮೆಗಳ ಹಾಲು ಅಳೆದು, "ನಮ್ಮಾಲಿಗೆ ಮಾತ್ರ ಯಾಕ್ಲಾ ಫ್ಯಾಟ್ ಪಾಯಿಂಟ್ ಕಮ್ಮಿ?" ಎಂದು ಮನೆಗೊಬ್ಬರಂತೆ ಬೈದದ್ದನ್ನೂ ಅಳೆದುಕೊಂಡು, ಒಂಬತ್ತಕ್ಕೆ ಮನೆ ಸೇರುವಾಗ ಹಿಂಡಿ ಬಿಸಾಕಿದ ನಿಂಬೆಹಣ್ಣಿನಂತಿರುತ್ತಿದ್ದ. ಬದುಕಿನಲ್ಲಿ ಅವನಿಗಿದ್ದದ್ದು ಒಂದೇ ಹೆಮ್ಮೆ. ಬೈಕಿನ ಮೇಲಿನ ಸ್ಟಿಕ್ಕರು: ‘ದಿಂಬಂ ಹುಲಿ’. ಕಾರ್ ರೇಸ್ ಗೇಮಿನಲ್ಲಿ ತನ್ನನ್ನು ಮೀರಿಸುವವರು ಮೈಸೂರಿನ ತನಕ ಯಾರೂ ಇಲ್ಲವೆಂದು ಅವನೇ ಬರೆಸಿ, ಅವನೇ ಅಂಟಿಸಿಕೊಂಡದ್ದು.

ಮೈಸೂರಿನ ತನಕ ಹೋಗಬೇಕಾಗಿರಲಿಲ್ಲ. ಪಕ್ಕದ ಗೆಟ್ಟವಾಡಿಯಲ್ಲೇ ಒಬ್ಬಳಿದ್ದಳು, ಹೊಲಿಗೆ ಅಂಗಡಿಯ ಚೈತ್ರ. ಗಿರಾಕಿಗಳಿಲ್ಲದ ಹೊತ್ತಲ್ಲಿ ಆಡಿ, ಎರಡು ಸಲ ಅವನಿಗೆ ಮಣ್ಣು ಮುಕ್ಕಿಸಿದ್ದಳು. ಎರಡು ಸಲವೂ ವೃಷಭೇಂದ್ರನ ಉತ್ತರ ಒಂದೇ: "ನಾನೆಲ್ಲಿ ಸೋತೆ? ತಿರುವಲ್ಲಿ ಲ್ಯಾಪ್‌ಟಾಪ್ ಹ್ಯಾಂಗ್ ಆಯ್ತು." ಪ್ಲಸ್ ಟೂ ಓದುವಾಗ ಸರ್ಕಾರ ಪುಕ್ಕಟೆ ಕೊಟ್ಟ ಲ್ಯಾಪ್‌ಟಾಪ್ ಅದು. ಯಾರು ಬೈದರೂ ಎದುರಾಡದು.

ಆ ಸೋಮವಾರ ಸಂಜೆ ನಾಲ್ಕಕ್ಕೆ ಮೂರನೆಯ ಪಂದ್ಯ. ಸೋತರೆ ಹುಲಿಯನ್ನು ಬೈಕಿನಿಂದ ಕಿತ್ತು ಚೈತ್ರಳ ಹೊಲಿಗೆ ಮಿಷನ್ನಿಗೆ ಅಂಟಿಸಬೇಕು.

ಊಟ ಮಾಡಿ ಒಂದು ಗಳಿಗೆ ಒರಗೋಣವೆಂದರೆ ಸೊಸೈಟಿಯಲ್ಲಿ ಕ್ಯಾನು ಹೊರುವ ಮಣಿ ಜಗಲಿಗೆ ಬಂದೇಬಿಟ್ಟ. ಮೂರು ವಿಡಿಯೋ ನೋಡಿ ಕಂಪ್ಯೂಟರ್ ಪಂಡಿತನಾಗಿದ್ದ.

"ವೃಷಭಣ್ಣ, ನಿನ್ ಪ್ರೊಸೆಸರ್ ನಿದ್ದೆ ಒಡೀತಾ ಅದೆ. ನೋಡು, ಮಿನಿಮಮ್ಮು ಐದು ಪರ್ಸೆಂಟಿಗೆ ಮಡಗವ್ರೆ."

"ನಾನೂ ಐದು ಪರ್ಸೆಂಟಲ್ಲೇ ಓಡ್ತಾ ಇವ್ನಿ ಕಣ್ಲಾ," ಎಂದು ವೃಷಭೇಂದ್ರ ಆಕಳಿಸಿದ.

ಮಣಿ ಪವರ್ ಸೆಟ್ಟಿಂಗಿಗೆ ಕೈಯಿಟ್ಟು ಮಿನಿಮಮ್ಮನ್ನೂ ಮ್ಯಾಕ್ಸಿಮಮ್ಮನ್ನೂ ನೂರಕ್ಕೆ ಏರಿಸಿದ. ಲ್ಯಾಪ್‌ಟಾಪಿನ ಫ್ಯಾನು ರಾಗಿ ಮಿಲ್ಲಿನಂತೆ ಅರಚಿತು. ಆ ಸದ್ದಿಗೆ ಬೀದಿಯ ಎಮ್ಮೆಗಳೆಲ್ಲ ಹಗ್ಗ ಕಿತ್ತುಕೊಂಡು ಗಡಿ ದಾಟಿ ಕರ್ನಾಟಕ ಸೇರಿದವು. ಕಾರು ಹತ್ತು ನಿಮಿಷ ಚಿಗರೆಯಂತೆ ಓಡಿ, ಆಮೇಲೆ ಪರದೆಯೇ ಕಪ್ಪಾಯಿತು.

"ಬಿಸಿ ಜಾಸ್ತಿ ಆಯ್ತು. ತೊಂಬತ್ತೊಂಬತ್ತಕ್ಕೆ ಇಳಿಸಾನ," ಎಂದ ಮಣಿ.

ಇಳಿಸಿದ. ಬಿಸಿ ಕಮ್ಮಿಯಾಯಿತು, ಕಾರು ಮಾತ್ರ ಕಬ್ಬು ಹೇರಿದ ಗಾಡಿಯಾಯಿತು.

"ಒಂದು ಪರ್ಸೆಂಟಿಗೆ ಇಷ್ಟು ಮುನಿಸಾ?" ಎಂದು ವೃಷಭೇಂದ್ರ ತಲೆ ಹಿಡಿದುಕೊಂಡ. ಮತ್ತೆ ನೂರು. ಮತ್ತೆ ಕಪ್ಪು.

ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಬಸಪ್ಪ ಬಂದ. ದಿಂಬಂ ಘಾಟಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ರಿಟೈರಾದವನು. ಲೋಕದಲ್ಲಿ ಕೆಟ್ಟದ್ದೆಲ್ಲ ಅವನ ಲೆಕ್ಕದಲ್ಲಿ ಇಂಜಿನ್ನೇ.

"ಅಯ್ಯೋ ಪೆದ್ದ್ಮುಂಡೇವಾ! ಘಾಟಿ ಅತ್ತಿದ್ಮೇಲೆ ರೇಡಿಯೇಟರ್‌ಗೆ ನೀರು ಬುಡಬೇಕು ಅಂತ ಗೊತ್ತಿಲ್ವಾ?"

"ಮಾವ, ಇದು ಬಸ್ಸಲ್ಲ, ನೀರು ಬುಟ್ರೆ..."

ಮಾತು ಮುಗಿಯುವಷ್ಟರಲ್ಲಿ ಒದ್ದೆ ಗೋಣಿಚೀಲ ಲ್ಯಾಪ್‌ಟಾಪಿನ ಕೆಳಗೆ ಬಂದು ಬಿದ್ದಿತ್ತು. ನೀರು ಚಾರ್ಜರಿನ ಕಡೆ ಹರಿಯಿತು. ಮಣಿ ಹಾರಿ ಸ್ವಿಚ್ ಆರಿಸಿದ. ಚಿಕ್ಕಬಸಪ್ಪ ಮಾತ್ರ, "ಈಗ ನೋಡು, ಎಂಗೆ ತಣ್ಣಗಾಯ್ತು!" ಎಂದು ಬೀಗಿದ. ಆಫ್ ಆದದ್ದು ತಣ್ಣಗಾಗದೆ ಏನಾದೀತು?

ಗಂಟೆ ಮೂರೂವರೆ. ವೃಷಭೇಂದ್ರನಿಗೆ ಸಾಕುಸಾಕಾಗಿತ್ತು. "ಬುಡ್ರಪ್ಪ, ನನ್ ಪಾಡಿಗೆ ನಾನು ಹ್ಯಾಂಗ್ ಆಯ್ತೀನಿ," ಎಂದು ಕಂಬಕ್ಕೆ ಒರಗಿದ. ಮಣಿ ಬಿಡುವನೇ? ಲ್ಯಾಪ್‌ಟಾಪನ್ನು ಒರೆಸಿ, ಮಗುಚಿ, ಮೂಸಿ ನೋಡಿದ.

"ಅಣ್ಣ, ಊದುಬತ್ತಿ ವಾಸ್ನೆ ಬತ್ತಾ ಅದೆ."

ಸೈಕಲ್ ಪಂಪು ತಂದು, ಗಾಳಿ ಹೋಗುವ ಕಿಂಡಿಗೆ ಹಿಡಿದು ಒತ್ತಿದ. ಭುಸ್ಸೆಂದು ಬೆಳ್ಳನೆಯ ಮೋಡವೆದ್ದಿತು. ಮೋಡ ಇಳಿದಾಗ ಚಿಕ್ಕಬಸಪ್ಪನ ಮೀಸೆಯಿಂದ ಮುಂಡಾಸಿನ ತನಕ ವಿಭೂತಿ. ಹಿಂದೆಯೇ ಚಿಟಿಕೆ ಕುಂಕುಮ, ನಾಲ್ಕು ಅಕ್ಷತೆ, ಒಂದು ಒಣಗಿದ ತುಂಬೆ ಹೂವೂ ಬಂದವು.

"ಅವ್ವಾ!" ಎಂದು ವೃಷಭೇಂದ್ರ ಕೂಗಿದ.

ಒಳಗಿನಿಂದ ಶಕುಂತಲಮ್ಮ ಬಂದಳು. "ಏನ್ಲಾ? ಸೋಮವಾರ ಸೋಮವಾರ ಹಚ್ತೀನಪ್ಪ. ಟ್ರ್ಯಾಕ್ಟರ್ ಮೂತಿಗೆ ಹಚ್ಚಲ್ವಾ? ಬೋರಿನ ಮೋಟರ್‌ಗೆ ಹಚ್ಚಲ್ವಾ? ಇದಕ್ಕೆ ಮೂತಿ ಎಲ್ಲದೆ ಅಂತ ಉಡುಕಿ ಉಡುಕಿ, ಉಸಿರಾಡೋ ಜಾಗ ಇದೇ ಅಂತ ಅಲ್ಲಿಗೇ ಮೂರು ಬೆರಳು ಎಳ್ದೆ. ವಿದ್ಯೆ ಕೊಡೋ ಸಾಮಾನು, ಸುಮ್ನೆ ಮಡಗಕ್ಕಾಯ್ತದಾ?"

"ಎಷ್ಟು ದಿನದಿಂದ?"

"ನೀನು ತಂದ ವಾರದಿಂದ."

ಅಷ್ಟು ವರ್ಷಗಳ ಸೋಮವಾರಗಳೆಲ್ಲ ಪಂಪಿನಿಂದ ಹೊರಬಿದ್ದ ಮೇಲೆ ಮಣಿ ಮತ್ತೆ ನೂರಕ್ಕಿಟ್ಟು ಆನ್ ಮಾಡಿದ. ಫ್ಯಾನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಪರದೆ ನೀರಿನಂತೆ ಹರಿಯಿತು. ಬಿಸಿಯಿಲ್ಲ, ತಡೆಯಿಲ್ಲ. ಅಂಥ ಲ್ಯಾಪ್‌ಟಾಪ್ ಭೂಮಂಡಲದಲ್ಲೇ ಇರಲಿಲ್ಲ.

ನಾಲ್ಕು ಹೊಡೆಯಿತು. ಚೈತ್ರ ಫೋನಿನ ಸ್ಪೀಕರಿನಲ್ಲಿ ಬಂದಳು. "ರೆಡಿಯಾ ಅಣ್ಣ? ಒಂದು ಬ್ಲೌಸಿಗೆ ಗುಂಡಿ ಬಾಕಿ ಅದೆ, ಬೇಗ ಮುಗಿಸಾನ."

ಆಟ ಶುರುವಾಯಿತು. ಹುಲಿಯ ಕೆಂಪು ಕಾರು ಗುಂಡಿನಂತೆ ಚಿಮ್ಮಿತು. ಮೊದಲ ತಿರುವಿನಲ್ಲಿ ಕಾರು ನೇರವಾಗಿ ಕಂದಕಕ್ಕೆ ಹೋಯಿತು.

ಎಲ್ಲರೂ ಲ್ಯಾಪ್‌ಟಾಪಿನ ಮುಖ ನೋಡಿದರು. ಅದು ಲಕಲಕ ಹೊಳೆಯುತ್ತಿತ್ತು.

"ಹ್ಯಾಂಗ್ ಆಯ್ತಾ ಅಣ್ಣ?" ಎಂದು ಮಣಿ ಕನಿಕರದಿಂದ ಕೇಳಿದ.

ವೃಷಭೇಂದ್ರ ಬಗ್ಗಿ ಫ್ಯಾನಿಗೆ ಕಿವಿಯಿಟ್ಟ. ಅದು ಬೆಕ್ಕಿನಂತೆ ಗುರುಗುಟ್ಟುತ್ತಲೇ ಇತ್ತು.

"ಇಪ್ಪತ್ತೆಂಟು ವರ್ಷ ಓಡಿಸ್ದೆ, ಒಂದಿನ ಕಂದಕ ನೋಡ್ಲಿಲ್ಲ," ಎಂದು ಚಿಕ್ಕಬಸಪ್ಪ ಬೆಳ್ಳಗಿನ ಮೀಸೆ ಒರೆಸಿಕೊಂಡ.

ಫೋನಿನಲ್ಲಿ ಚೈತ್ರ, "ಸ್ಟಿಕ್ಕರ್ ನಾಳೆ ಹಾಲಿನ ಗಾಡೀಲಿ ಕಳ್ಸಿಬುಡಿ ಅಣ್ಣ. ಹುಲಿ ಬಾಲ ಹರೀದಂಗೆ ಕಿತ್ಕೊಳಿ," ಎಂದು ಗುಂಡಿ ಹೊಲಿಯಲು ಹೋದಳು.

ಎಲ್ಲರೂ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಶಕುಂತಲಮ್ಮ ದೇವರ ಗೂಡಿನ ಮುಂದೆ ನಿಂತಳು. ವಿಭೂತಿ ಡಬ್ಬಿ ಇರಲಿಲ್ಲ. ಜಗಲಿಗೆ ಬಂದು ನೋಡಿದರೆ ಮಗ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಚಮಚದಿಂದ ಲ್ಯಾಪ್‌ಟಾಪಿನ ಕಿಂಡಿಗೆ ತುಂಬುತ್ತಿದ್ದಾನೆ.

"ಏನ್ಲಾ ಮಾಡ್ತಿದ್ದೀಯ?"

ವೃಷಭೇಂದ್ರನಿಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. "ಅವ್ವ, ಇದು ಕೆಟ್ಟಿದ್ದಾಗ ನಾನು ಸಂದಾಗಿದ್ದೆ. ಇದು ಸಂದಾಗಾಯ್ತು, ನಾನು ಕೆಟ್ಟೋದೆ. ನಂಗೆ ಆಡಕ್ಕೇ ಬರಕ್ಕಿಲ್ಲ ಕಣವ್ವ."

ಶಕುಂತಲಮ್ಮ ಡಬ್ಬಿ ಕಿತ್ತುಕೊಂಡಳು. "ಅಂಗಾರೆ ಕೆಟ್ಟಿರೋ ಕಡೆಗೇ ಹಚ್ಚಾನ, ಬಾ ಇಲ್ಲಿ," ಎಂದು ಅವನ ಹಣೆಗೆ ಮೂರು ಬೆರಳು ಎಳೆದು ಒಳಗೆ ಹೋದಳು.

ಇದಿಷ್ಟನ್ನೂ ನಾನು ಊರೂರಿಗೆ ಹೇಳುತ್ತಾ ಬಂದೆ. ಮೊನ್ನೆ ಯಾರೋ ದಿಂಬಂಗೇ ಹೋಗಿ ಟೀ ಅಂಗಡಿಯವನನ್ನು ಕೇಳಿ ಬಂದಿದ್ದಾರೆ. ಆಯಿತು, ಒಪ್ಪಿಕೊಂಡೆ. ಮಂಜು ಅಲ್ಲಿ ದಿನಾ ಬಿಸಿಲೇರಿದ ಮೇಲೆ ಕರಗುತ್ತದೆ, ಅವನು ಮಜ್ಜಿಗೆ ಮಾರಿಲ್ಲ, ಎಮ್ಮೆಗಳು ಗಡಿ ದಾಟಿಲ್ಲ. ಸಲಗಕ್ಕೆ ಯಾರೂ ಹೇಳಿಕಳಿಸಬೇಡಿ, ಇನ್ನೊಂದನ್ನೂ ಹೇಳಿಬಿಡುತ್ತೇನೆ. ವೃಷಭೇಂದ್ರ ಮೊದಲ ತಿರುವಿನಲ್ಲಿ ಬಿದ್ದ ಅಂದೆನಲ್ಲ, ಅದು ಅವನ ಮಾನ ಉಳಿಸಲು ನಾನೇ ಸೇರಿಸಿದ್ದು. ತಿರುವು ಇನ್ನೂ ಬಂದಿರಲಿಲ್ಲ. ರಸ್ತೆ ನೆಟ್ಟಗಿತ್ತು.